ಐದನೆಯ ದೂರು

ವೈಕುಂಠ ಸಮಾರಾಧನೆಯ ಮರುದಿನ ಬೆಳಿಗ್ಗೆ, ಕೊಪ್ಪದ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದದ್ದು ತೀರಿಕೊಂಡ ಈಶಾನನ ಫೋನು. ಹೆಂಡತಿ ಮಲ್ಲಿಕಾ ಎತ್ತಿದಳು.

"ಈಶಾನ ಸರ್ ಇದಾರಾ ಮೇಡಂ? ಮಂಗ ಓಡಿಸೋ ಮಷಿನ್, ಈ ವಾರ ಮಾತ್ರ ಆಫರ್."

"ಅವರು ತೀರಿಕೊಂಡರು."

"ಹೌದಾ ಮೇಡಂ. ಹಾಗಾದ್ರೆ ಯಾವಾಗ ಮಾಡ್ಲಿ?" ಎಂದಳು ಆ ಹುಡುಗಿ.

ಫೋನನ್ನು ಆರಿಸಿಬಿಡಬಹುದಿತ್ತು. ಆದರೆ ಈಶಾನ ಅದರ ಕಾಲರ್ ಟ್ಯೂನಿಗೆ ತನ್ನದೇ ದನಿ ಹಾಕಿಸಿಕೊಂಡಿದ್ದ: "ನಾನು ಈಶಾನ. ಎತ್ತುತ್ತೇನೆ, ಸ್ವಲ್ಪ ತಾಳಿ." ಮಲ್ಲಿಕಾ ದಿನಕ್ಕೆ ಮೂರು ಸಲ ತನ್ನ ಫೋನಿನಿಂದ ಆ ನಂಬರಿಗೆ ಮಾಡಿ ಅಷ್ಟನ್ನು ಕೇಳುತ್ತಿದ್ದಳು. ಔಷಧಿಯ ಹಾಗೆ, ಊಟದ ನಂತರ. ಅವನದೆಂದು ಉಳಿದ ದನಿ ಅದೊಂದೇ. ಈಗ ಮಧ್ಯಾಹ್ನ ಮಾಡಿದರೆ ಲೈನ್ ಬ್ಯುಸಿ. ಮಂಗದವರು ಅವಳಿಗಿಂತ ಮೊದಲೇ ಮಾಡಿದ್ದರು.

ಪಕ್ಕದ ಮನೆಯ ಗಣಪತಿ ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದವರು. ವಿಷಯ ಕೇಳಿದ್ದೇ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಈಶಾನನ ಫೋನಿನಿಂದಲೇ, ಬೇಡದ ಕರೆಗಳ ಮೇಲೆ ದೂರು ಹೇಳುವ ೧೯೦೯ಕ್ಕೆ ದೂರು ಕೊಟ್ಟರು. ಆಮೇಲೆ ಊಟದ ಪಟ್ಟಿ ಹೇಳುವ ಅಡಿಗೆಭಟ್ಟರಂತೆ ಶಿಕ್ಷೆಗಳನ್ನು ಬಡಿಸಿದರು.

"ಹತ್ತು ದಿನದಲ್ಲಿ ಐದು ದೂರು ಬಿದ್ರೆ ಸಾಕು ಮಾರಾಯ್ತಿ. ಮೊದಲ ಸಲ ಹದಿನೈದು ದಿನ ಆ ನಂಬರಿನ ಯಜಮಾನ ಯಾರಿಗೂ ಫೋನ್ ಮಾಡೋ ಹಾಗಿಲ್ಲ. ಮತ್ತೆ ಸಿಕ್ಕಿಬಿದ್ದನೋ, ಅವನ ಹೆಸರಲ್ಲಿ ಎಷ್ಟು ನಂಬರ್ ಉಂಟೋ ಅಷ್ಟೂ ಒಂದು ವರ್ಷ ಕಟ್."

ಮಲ್ಲಿಕಾ ತಲೆಯಾಡಿಸಿದಳು. ಅವಳ ಯೋಚನೆ ಬೇರೆ ಕಡೆ ಇತ್ತು. ಈಶಾನನ ಗೆಳೆಯ, ನರಸಿಂಹರಾಜಪುರದಲ್ಲಿ ಏನೋ ಏಜೆನ್ಸಿ ಇಟ್ಟಿದ್ದ ಸುಬ್ರಾಯ, ನಿನ್ನೆ ಎಲ್ಲರಿಗಿಂತ ಹೆಚ್ಚು ಅತ್ತು, ಎಲ್ಲರಿಗಿಂತ ಹೆಚ್ಚು ಹೋಳಿಗೆ ತಿಂದು, ಹೊರಡುವಾಗ ಹೇಳಿದ್ದ: "ನಂದೊಂದು ವಸ್ತು ಅವನ ಹತ್ರ ಉಳಿದಿದೆ ಅತ್ತಿಗೆ. ಇರ್ಲಿ ಬಿಡಿ." ಏನೆಂದು ಅವನು ಹೇಳಲಿಲ್ಲ. ಸಾವಿನ ಮನೆಯಲ್ಲಿ ಯಾರೂ ವಾಪಸು ಕೇಳುವುದಿಲ್ಲ. ಅವಳು ಕೊಡೆ, ಟಾರ್ಚು, ಸ್ಕ್ರೂಡ್ರೈವರುಗಳನ್ನೆಲ್ಲ ಹರವಿ ಕೂತಳು. ಯಾವುದೂ ಸುಬ್ರಾಯನದೆಂದು ಅನಿಸಲಿಲ್ಲ.

ಐದನೇ ದಿನ ಗಣಪತಿ ಟೆಲಿಫೋನ್ ಆಫೀಸಿನ ಸುದ್ದಿ ಹಿಡಿದು ಬಂದರು. ಮುಖದಲ್ಲಿ ಮಗನಿಗೆ ಕೆಲಸ ಸಿಕ್ಕಿದಷ್ಟು ಸಂತೋಷ.

"ನಮ್ಮದೇ ಐದನೇ ದೂರಂತೆ. ಅವನಿಗೆ ಮೊದಲೂ ಒಂದು ಸಲ ಶಿಕ್ಷೆ ಆಗಿತ್ತಂತೆ. ಒಂಬತ್ತು ನಂಬರೂ ಢಮಾರ್."

ಅವಳು ಕೃತಜ್ಞತೆಯಿಂದ ಕಾಫಿ ಕೊಟ್ಟಳು. ಅವರು ಹೋದ ಮೇಲೆ, ಊಟ ಮಾಡಿ, ಈಶಾನನ ನಂಬರಿಗೆ ಮಾಡಿದಳು. ಯಾರೋ ಹೆಂಗಸು ಸಮಾಧಾನದಿಂದ ಹೇಳಿದಳು: ನೀವು ಕರೆ ಮಾಡಿರುವ ಸಂಖ್ಯೆ ಬಳಕೆಯಲ್ಲಿಲ್ಲ.

ಗಣಪತಿ ಹಳೆಯ ಪರಿಚಯ ಹಿಡಿದು ಎಲ್ಲೆಲ್ಲೋ ವಿಚಾರಿಸಿದರು. ಸಂಜೆ ಬಂದಾಗ ಪಂಚೆ ಇಳಿದಿತ್ತು. ಈಶಾನನ ಸಿಮ್ಮು ಸುಬ್ರಾಯನ ಹೆಸರಿನಲ್ಲಿತ್ತು. ಒಂಬತ್ತರಲ್ಲಿ ಒಂಬತ್ತನೆಯದು.

ಮರುದಿನ ಅವಳು ಬಸ್ಸು ಹತ್ತಿದಳು. ಫೋನ್ ಮಾಡಿ ಹೋಗೋಣವೆಂದರೆ ಸುಬ್ರಾಯನಿಗೆ ಫೋನೇ ಇರಲಿಲ್ಲ. ಒಂದು ಕೋಣೆಯ ಆಫೀಸು, ಮಂಗದ ಮಷಿನಿನ ಪೆಟ್ಟಿಗೆಗಳು, ಸತ್ತ ಫೋನುಗಳ ಮುಂದೆ ಉಗುರು ಕಚ್ಚುತ್ತ ಇಬ್ಬರು ಹುಡುಗಿಯರು. ಅವಳನ್ನು ಕಂಡದ್ದೇ ಸುಬ್ರಾಯ ಎದ್ದು ನಿಂತ.

"ಯಾರೋ ಪಾಪಿ ದೂರು ಕೊಟ್ಟು ಹೊಟ್ಟೆ ಮೇಲೆ ಹೊಡೆದ ಅತ್ತಿಗೆ."

"ನಾನೇ."

ಅವನು ಮೆಲ್ಲಗೆ ಕೂತ. ಮೋಟಾರ್ ವೈಂಡಿಂಗ್ ಮಾಡಿ ಮಾಡಿ ಈಶಾನನ ಬೆರಳಿನ ಗೆರೆ ಸವೆದು ಸಿಮ್ ಅಂಗಡಿಯ ಯಂತ್ರದಲ್ಲಿ ಗುರುತು ಬಿದ್ದಿರಲಿಲ್ಲ. ಅದಕ್ಕೇ ಸುಬ್ರಾಯ ತನ್ನ ಬೆರಳು ಒತ್ತಿ ಸಿಮ್ ಕೊಡಿಸಿದ್ದನಂತೆ. ಸತ್ತವನಿಗೆ ಯಾಕೆ ಫೋನ್ ಮಾಡಿಸಿದಿರಿ ಎಂದು ಅವಳು ಕೇಳಿದಳು.

"ಲಿಸ್ಟಲ್ಲಿ ಮೊದಲ ಹೆಸರು ಅವನದೇ. ಹೊಡೆದು ಹಾಕೋಕೆ ಕೈ ಬರಲಿಲ್ಲ."

ಮಲ್ಲಿಕಾ ಚೀಲದಿಂದ ಒಂದು ಖಾಲಿ ಮಾತ್ರೆಯ ಪಟ್ಟಿ ತೆಗೆದಳು. ಕಳೆದುಹೋಗದಿರಲಿ ಎಂದು ಸಿಮ್ಮನ್ನು ಅದರೊಳಗೆ ಸಿಕ್ಕಿಸಿ ತಂದಿದ್ದಳು.

"ಸಾವಿನ ಮನೇಲಿ ಹೇಗೆ ಕೇಳೋದು ಅಂತ ಸುಮ್ಮನಿದ್ದೆ" ಎಂದ ಸುಬ್ರಾಯ.

"ಕೇಳಬೇಕಿತ್ತು" ಎಂದು ಅವಳು ಅದನ್ನು ಅವನ ಅಂಗೈಯಲ್ಲಿ ಇಟ್ಟಳು.