ಸಿಡಿ ಉಗುಳುವ ಕಾರು

ಊರಿನ ಶ್ರೀಮಂತರ ಬಂಗಲೆ ಕಂಡು ನನಗೆ ಹೊಟ್ಟೆ ಉರಿಯುವುದಿಲ್ಲ. ಅಷ್ಟು ದೊಡ್ಡ ವಿಷಯಗಳಿಗೆ ಉರಿಯುವ ಶಕ್ತಿ ನನ್ನ ಹೊಟ್ಟೆಗಿಲ್ಲ. ನನ್ನ ಕಿಚ್ಚೆಲ್ಲ ಹತ್ತಿರದ ನೆಂಟರಿಗೇ ಮೀಸಲು. ಅದರಲ್ಲೂ ಹೊಸದುರ್ಗದಲ್ಲಿರುವ ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ ಮಂಜುವಿಗೆ. ಅವನ ಕಾರು ಹಾಡುತ್ತದೆ, ನನ್ನದು ಹಾಡುವುದಿಲ್ಲ. ತಕರಾರು ಇಷ್ಟೇ.

ಹೊಳಲ್ಕೆರೆಯಲ್ಲಿ ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಸ್ಟೀರಿಯೋಗೆ ಪೆನ್‌ಡ್ರೈವ್ ಚುಚ್ಚುವ ಜಾಗವಿಲ್ಲ, ಫೋನಿನ ಪರಿಚಯವಿಲ್ಲ. ಅದಕ್ಕೆ ಸಿಡಿಯೇ ಆಗಬೇಕು. ಮನೆಯ ಕಂಪ್ಯೂಟರಿನಲ್ಲಿ ಹಾಡು ಆರಿಸಿ, ಸಿಡಿ ರೈಟ್ ಮಾಡಿ ಒಳಗೆ ತಳ್ಳಿದರೆ, ಕುರ್ ಎಂದು ಗೊಣಗಿ, ಎರರ್ ಎಂದು ತೋರಿಸಿ, ಔಷಧ ಉಗುಳುವ ಮಗುವಿನ ಹಾಗೆ ಹೊರಗೆ ಹಾಕುತ್ತದೆ. ಅದೇ ಸಿಡಿ ಮಂಜುವಿನ ಕಾರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಹಾಡುತ್ತದೆ. ಹೀಗಾಗಿ ಮಾಡದಕೆರೆಯ ಅತ್ತೆಮನೆಯಿಂದ ಎಲ್ಲಿಗೆ ಹೊರಟರೂ ಎಲ್ಲರೂ ಅವನ ಕಾರಿಗೇ. ನನ್ನ ಹೆಂಡತಿಯೂ "ರೀ, ನೀವು ಹಿಂದೆ ಬರ್ರಿ" ಎಂದು ಅದನ್ನೇ ಹತ್ತುತ್ತಾಳೆ. ನನ್ನ ಜೊತೆ ಬರುವುದು ನೀರಿನ ಕ್ಯಾನು, ತೆಂಗಿನಕಾಯಿ ಚೀಲ.

ಮಂಜು ಒಮ್ಮೆ ಹೇಳಿದ್ದ: "ಅಣ್ಣಾ, ನಿಮ್ದು ಹಳೇ ಪ್ಲೇಯರ್ ಐತೆ. ಎಂಪಿತ್ರೀ ಅದಕ್ಕೆ ತಿಳಿಯಲ್ಲ. ರೈಟ್ ಮಾಡೋವಾಗ ಆಡಿಯೋ ಸಿಡಿ ಅಂತ ಆರಿಸ್ಕಳ್ರಿ, ಸಾಕು."

ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ. ಬೇರೆ ಕಂಪನಿಯ ಸಿಡಿ ತಂದೆ. ಮೇಲೆ ಅಂಟಿಸಿದ್ದ ಚೀಟಿ ಕಿತ್ತೆ. ಲೆನ್ಸ್ ಒರೆಸಲು ಹೋಗಿ ಹತ್ತಿಯ ಎಳೆ ಒಳಗೇ ಬಿಟ್ಟು, ಅದನ್ನು ತೆಗೆಸಲು ಚಿತ್ರದುರ್ಗದವರೆಗೆ ಹೋಗಿ ಬಂದೆ. ಅವನ ಮಾತು ಕೇಳಿ ಹಾಡಿದರೆ ಅದು ನನ್ನ ಕಾರು ಹೇಗಾದೀತು?

ಮೊನ್ನೆ ಮಾಡದಕೆರೆಯಿಂದ ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೊರಟಾಗ ಹೆಂಡತಿ, "ನಿಮ್ಮ ಹೊಸ ಸಿಡಿ ಹಾಕಿ ನೋಡ್ರಿ" ಎಂದು ಕೈಗಿತ್ತಳು. ತಳ್ಳಿದೆ. ಹಾಡಿತು. ಅತ್ತೆ, ನಾದಿನಿ ಬಂದು ಹತ್ತಿದರು. ಮಂಜು ಕೂಡ ತನ್ನ ಕಾರಿಗೆ ಬೀಗ ಹಾಕಿ ಹಿಂದಿನ ಸೀಟಿಗೆ ಬಂದ. ನನ್ನನ್ನು ಹಿಡಿಯುವವರೇ ಇರಲಿಲ್ಲ. ಊರು ದಾಟುವ ಮೊದಲೇ ಲೆನ್ಸ್, ಹತ್ತಿ, ತಾಳ್ಮೆ ಇವುಗಳ ಬಗ್ಗೆ ಭಾಷಣ ಶುರು ಮಾಡಿದೆ. ಮಂಜು "ಹೌದಣ್ಣಾ" ಎನ್ನುತ್ತಿದ್ದ. ಹೆಂಡತಿ ಕಿಟಕಿಯಾಚೆಗೆ ನೋಡುತ್ತಿದ್ದಳು.

ಎರಡು ಹಾಡು ಮುಗಿದವು. ಆಮೇಲೆ ತಬಲ ಇಲ್ಲದೆ, ಹಾರ್ಮೋನಿಯಂ ಇಲ್ಲದೆ, ಬರೀ ಹೆಂಗಸಿನ ದನಿಯಲ್ಲಿ ಒಂದು ಸೋಬಾನೆ ಪದ ಬಂತು. ಅತ್ತೆ ಮುಂದಕ್ಕೆ ಬಾಗಿದರು.

"ಅಯ್ಯ, ಇದು ನಂದೇ ದನಿ. ಹಬ್ಬದಾಗೆ ಮಂಜಪ್ಪ ಫೋನಿನಾಗೆ ಹಿಡ್ಕಂಡಿದ್ದ. ನಿಮ್ಮ ಸಿಡಿಗೆ ಹೆಂಗೆ ಬಂತು ಅಳಿಯಂದ್ರೇ?"

ನಾನು ಗೇರ್ ಬದಲಾಯಿಸಿದೆ. ಬದಲಾಯಿಸುವ ಅಗತ್ಯ ಇರಲಿಲ್ಲ.

"ಮಂಜುನ ಕೈಲಿ ನಾನೇ ಮಾಡಿಸಿದ್ದು" ಎಂದಳು ಹೆಂಡತಿ ಮೆಲ್ಲಗೆ. "ಪ್ರತಿ ಸಲ ಒಬ್ರೇ ಹಿಂದೆ ಬರ್ತೀರಿ. ನೋಡಾಕಾಗಲ್ಲ ನನಗೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮಂಜು, "ಸೌಂಡ್ ಒಸಿ ಜಾಸ್ತಿ ಮಾಡ್ರಿ ಅಣ್ಣಾ, ಅತ್ತೆ ಹಾಡು ಕೇಳಾಣ" ಎಂದ. ಮಾಡಿದೆ.

ಆ ಸಿಡಿಯನ್ನು ಇನ್ನೂ ಹೊರಗೆ ತೆಗೆದಿಲ್ಲ. ಈಗ ನನ್ನ ಕಾರಿನಲ್ಲೂ ಜನ ತುಂಬುತ್ತಾರೆ, ತೆಂಗಿನಕಾಯಿ ಚೀಲ ಡಿಕ್ಕಿಗೆ ಹೋಗಿದೆ. ಸಮಾಧಾನ ಆಗಬೇಕಿತ್ತು. ಆದರೆ ಆ ಪದ ಬಂದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಚುರ್ ಎನ್ನುತ್ತದೆ. ಅತ್ತೆ ಅವನ ಫೋನಿಗೆ ಹಾಡಿದರು, ನನ್ನ ಫೋನಿಗೆ ಯಾಕೆ ಹಾಡಲಿಲ್ಲ? ಒಂದು ಪದ ಹೇಳ್ರಿ ಅತ್ತೆ ಎಂದು ಇಷ್ಟು ವರ್ಷಗಳಲ್ಲಿ ನಾನು ಕೇಳಿಯೇ ಇಲ್ಲ ಎಂಬುದು ಬೇರೆ ಮಾತು.