ಕೆಂಪು ಶಾಯಿಯ ಬೇರ್ ಔಟ್

ಶಶಿಕಿರಣನ ಎಂ.ಫಿಲ್. ಪ್ರಬಂಧದ ಕರಡು ಶುಕ್ರವಾರ ಬೆಳಗಿನ ಟಪಾಲಿನಲ್ಲಿ ಮೈಸೂರಿನಿಂದ ಬಾಳೂರಿಗೆ ವಾಪಸು ಬಂತು. ಕೊನೆಯ ಪುಟದಲ್ಲಿ ಪ್ರೊಫೆಸರರ ಕೆಂಪು ಶಾಯಿ: ‘ಯುವರ್ ಫೈಂಡಿಂಗ್ಸ್ ಬೇರ್ ಔಟ್ ಯುವರ್ ಆರ್ಗ್ಯುಮೆಂಟ್.’ ಕೆಳಗೆ, ‘ಶುಕ್ರವಾರ ಸಂಜೆಯೊಳಗೆ ಫೋನ್ ಮಾಡು.’

ಅವರ ಕೈಕೆಳಗಿನ ಸಂಶೋಧನಾ ಸಹಾಯಕನ ಕೆಲಸಕ್ಕೆ ಅವನು ಅರ್ಜಿ ಹಾಕಿದ್ದ. ಬೇರ್ ಗೊತ್ತು, ಔಟ್ ಗೊತ್ತು. ಒಬ್ಬೊಬ್ಬರೇ ಇದ್ದಾಗ ಸಾಧುವಾಗಿದ್ದು, ಜೊತೆಗೂಡಿದೊಡನೆ ಗುರುತೇ ಸಿಗದ ಅತ್ತೆ-ಸೊಸೆಯರ ಹಾಗೆ ಅವೆರಡೂ ಅವನನ್ನು ಕಾಡಿದವು. ಮನೆಯ ಡಿಕ್ಷನರಿಯಲ್ಲಿ ಬಿ ಅಕ್ಷರದ ಪುಟಗಳನ್ನು ಗೆದ್ದಲು ಓದಿ ಮುಗಿಸಿತ್ತು.

ಬಸವರಾಜುವಿನ ಎಸ್‌ಟಿಡಿ ಬೂತಿನಲ್ಲಿ ರಿಸೀವರ್ ಹಿಡಿದು ನಿಂತ. ನಂಬರ್ ಒತ್ತಲು ಬೆರಳು ಏಳಲಿಲ್ಲ. ಬಸವರಾಜು ಹಾಳೆ ಕಿತ್ತುಕೊಂಡ.

“ಔಟ್ ಅಂದ್ರೆ ಔಟೇ ಮಾರಾಯ. ಅಂಪೈರ್ ಬೆರಳು ಎತ್ತಿದ್ಮೇಲೆ ಇನ್ನೇನು ಫೋನು?”

ಅಷ್ಟರಲ್ಲಿ ಎಸ್ಟೇಟ್ ಮಾಲೀಕ ಸೋಮಶೇಖರಪ್ಪನವರ ಜೀಪು ನಿಂತಿತು. ಅವರು ಕನ್ನಡಕ ಏರಿಸಿ ಓದಿದರು. “ಬೇರ್ ಅಂದ್ರೆ ಸಹಿಸ್ಕೊಳ್ಳೋದು. ಸಹಿಸ್ಕೊಂಡು ಹೊರಗೆ ನಡಿ ಅಂತ ಮರ್ಯಾದೆಯಾಗಿ ಬರ್ದಿದ್ದಾರೆ. ದೊಡ್ಡ ಮನುಷ್ಯರು, ಪಾಪ.”

ಎದುರು ಮಾತಾಡುವುದು ಶಶಿಕಿರಣನಿಗೆ ಎಂದೂ ಒಗ್ಗಿದ್ದಲ್ಲ. ಕಳಸದಾಚೆಯ ಸಂಸೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಡಂ ವಿಮಲಮ್ಮ ಇರುವುದು ನೆನಪಾಗಿ, ಹಾಳೆ ಈಸಿಕೊಂಡು ಕರಡಿನೊಂದಿಗೆ ಕಳಸದ ಬಸ್ಸು ಹತ್ತಿದ.

ವಿಮಲಮ್ಮ ಕರಡು ತಿರುವಿ, ಸಾಲನ್ನು ನೋಡಿ ನಕ್ಕರು. “ಹೆದ್ರಬೇಡವೋ. ನೆರಳು ಮರ ಕಡಿದ್ರೆ ಕಾಫಿಗೆ ನಷ್ಟ ಅಂತ ನೀನು ವಾದ ಮಾಡಿದ್ದೀಯ. ತೋಟ ತೋಟ ತಿರುಗಿ ತಂದ ಅಂಕಿಗಳು ಅದನ್ನೇ ಹೇಳ್ತಾವೆ. ನಿನ್ನ ಮಾತು ನಿಜ ಅಂತ ಅವೇ ಸಾಕ್ಷಿ ಹೇಳ್ತಾವೆ ಅಂತ ಅರ್ಥ. ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ?”

ಅವನು ಅವರ ಕಾಲಿಗೆರಗಿದ. ತಿಂಡಿ ತಿನ್ನಿಸದೆ ಬಿಡಲಿಲ್ಲ ಅವರು. ಫೋನ್ ಮಾಡೋಣವೆಂದರೆ ಮರ ಬಿದ್ದು ಸಂಸೆಯ ಲೈನು ಸತ್ತಿತ್ತು. ಸಿಕ್ಕ ಜೀಪಿನ ಹಿಂದೆ ಜೋತುಬಿದ್ದು, ದಾರಿಯುದ್ದಕ್ಕೂ ವಿಮಲಮ್ಮನಿಗೆ, ಡ್ರೈವರಿಗೆ, ನೆರಳು ಮರಗಳಿಗೂ ಮನಸ್ಸಿನಲ್ಲೇ ಕೈಮುಗಿಯುತ್ತ ಬಾಳೂರು ಸೇರಿದ. ಇನ್ನೂ ಬೆಳಕಿತ್ತು.

ಬೂತಿನ ಮುಂದೆ ಊರೇ ನೆರೆದಿತ್ತು. ಅವ್ವ ರುದ್ರಾಣಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಹಾಳೆಯಲ್ಲಿದ್ದ ನಂಬರ್ ನಾನು ಬರ್ಕೊಂಡಿದ್ದೆ. ಫೋನ್ ಮಾಡೋ ಸಂಕಟ ನಿನಗೆ ಬೇಡ ಅಂತ ಸಾಹುಕಾರ್ರೇ ಮಾಡಿ ಮುಗಿಸಿದ್ರು,” ಎಂದ ಬಸವರಾಜು.

“ಹೌದಪ್ಪ,” ಎಂದರು ಸೋಮಶೇಖರಪ್ಪ. “ಹುಡುಗ ಬರೋದಿಲ್ಲ, ನಮ್ಮ ಎಸ್ಟೇಟಿಗೇ ಲೆಕ್ಕ ಬರೆಯೋ ರೈಟರ್ ಆಗ್ತಾನೆ ಅಂದೆ. ಅವ್ರ ಸೌಜನ್ಯ ನೋಡು! ಹೊರಗೆ ಹಾಕಿದವ್ರೇ ‘ಇಲ್ಲ ಕಳಿಸಿ, ಕೆಲಸ ಅವನಿಗೇ ಇಟ್ಟಿದ್ದೀನಿ’ ಅಂತ ಮತ್ತೆ ಮತ್ತೆ ಕರೆದ್ರು. ಮರ್ಯಾದೆಗೆ ಕರೆದ್ರೆ ಹೋಗೋದಾ? ಊಟಕ್ಕೇಳಿ ಅಂದ ತಕ್ಷಣ ನಾವು ಎಲೆ ಮುಂದೆ ಕೂತ್ಕೋತೀವಾ? ಕರೆದಷ್ಟು ಸಲವೂ ಬೇಡ ಅಂದೆ. ಕೊನೆಗೆ ಬೇರೆಯವ್ರಿಗೆ ಕೊಡ್ತೀನಿ ಅಂತ ಫೋನಿಟ್ರು. ನಿನ್ನ ಮಾನ ಉಳೀತು.”

ಶಶಿಕಿರಣ ಬಾಯಿ ತೆರೆದ. ಅವ್ವ ಸಾಹುಕಾರರಿಗೆ ಕೈಮುಗಿದು ನಿಂತಿದ್ದಳು. ತಮ್ಮ ಮನೆಯ ಹುಡುಗನೇ ಬದುಕಿ ಬಂದಂತೆ ಎಲ್ಲರ ಮುಖವೂ ಬೆಳಗುತ್ತಿತ್ತು. ತನಗಾಗಿ ಇಷ್ಟು ಜನ ಮನೆಗೆಲಸ ಬಿಟ್ಟು ನಿಂತಿದ್ದಾರಲ್ಲ ಎಂದು ಅವನೂ ಮನಸಾರೆ ಕೈಮುಗಿದ.

“ತುಂಬಾ ಉಪಕಾರ ಆಯ್ತು, ಸಾರ್.”

“ನೋಡ್ರಪ್ಪ, ಹುಡುಗನಿಗೆ ಎಷ್ಟು ಸಮಾಧಾನ ಆಯ್ತು!” ಎಂದು ಬಸವರಾಜು ಎಲ್ಲರಿಗೂ ಕಾಫಿ ಹೇಳಿದ.