ರೊಟ್ಟಿ ಡಬ್ಬಿ ತೆರೆಯುವ ಮುನ್ನ ಒಂದು ಇಂಗ್ಲಿಷ್ ಪದ

ಸಂಖ್ಯೆ: ಕಠಿಣಪದ/ರೊಟ್ಟಿ/ತಿದ್ದುಪಡಿ/೨೦೨೫
ಸ್ಥಳ: ಬಾಗಲಕೋಟೆ, ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)

ವಿಷಯ: ಮಧ್ಯಾಹ್ನದ ಊಟದಲ್ಲಿ ಉನ್ನತ ಇಂಗ್ಲಿಷ್ ಪದಗಳನ್ನು ಅರ್ಥಸಹಿತ ಕಲಿಯುವ ಕುರಿತು.
ಉಲ್ಲೇಖ: ೧. ಹಿಂದಿನ ಸುತ್ತೋಲೆ. ೨. ಪ್ರಥಮ ದರ್ಜೆ ಸಹಾಯಕಿ ಗುರುಲಿಂಗವ್ವ ಅವರ ಮೌಖಿಕ ಉತ್ತರ.

ಮೇಲಧಿಕಾರಿಯೊಬ್ಬರು ಕಡತವನ್ನು "ಅಮೀಲಿಯೊರೇಟ್ ಮಾಡಿ" ಎಂದಾಗ, ಅದು 'ಸುಧಾರಿಸಿ' ಎಂದು ತಿಳಿಯದ ಸಿಬ್ಬಂದಿ ಒಟ್ಟಾಗಿ ತಲೆಯಾಡಿಸಿ ಕಡತವನ್ನು ಕಪಾಟಿಗೆ ಸೇರಿಸಿದ್ದು ಸರಿಯಷ್ಟೆ. ಇಂಥ ಮಾನಹಾನಿ ತಪ್ಪಿಸಲು, ಎಲ್ಲರ ಡಬ್ಬಿ ನಡುವೆ ಇಟ್ಟು ಹಂಚಿ ಉಣ್ಣುವ ಕಚೇರಿಯ ರೂಢಿಯನ್ನೇ ಬಳಸಿಕೊಳ್ಳಲಾಯಿತು. ಪದ ಹೇಳಿದವರಿಗಷ್ಟೇ ಪರರ ಡಬ್ಬಿಗೆ ಕೈ ಹಾಕಲು ಅನುಮತಿ. ಈಗ ಈ ಮೂಲಕ ಸೂಚಿಸುವುದೇನೆಂದರೆ:

೧. ರೊಟ್ಟಿಗೊಂದು ಪದ. ಶೇಂಗಾ ಹಿಂಡಿ (ಚಟ್ನಿಪುಡಿ) ಬೇಕಾದವರು ಆ ಪದವನ್ನು ವಾಕ್ಯದಲ್ಲಿ ಬಳಸಿ ತೋರಿಸತಕ್ಕದ್ದು. ಬಾಯಲ್ಲಿ ತುತ್ತಿಟ್ಟುಕೊಂಡು ಹೇಳಿದ ಅರ್ಥ ಊರ್ಜಿತವಲ್ಲ.

೨. 'ಎಲ್ಲೆಲ್ಲೂ ಇರುವ' ಎಂಬರ್ಥದ 'ಯುಬಿಕ್ವಿಟಸ್' ಪದವನ್ನು ಎಲ್ಲರೂ ದಿನವೂ ಹೇಳುತ್ತಿರುವುದರಿಂದ ಅದನ್ನು ಹಿಂಪಡೆಯಲಾಗಿದೆ.

೩. ಇಳಕಲ್ಲಿನಿಂದ ದಿನವೂ ಬಸ್ಸಿನಲ್ಲಿ ಬರುವ ಸಿಬ್ಬಂದಿ ನಯೀಮ ಅವರಿಗೆ ಹುನಗುಂದದವರೆಗೆ ಪದ ನೆನಪಿದ್ದು, ಮುಂದೆ ನಿದ್ದೆ ಹತ್ತಿ ಮರೆಯುತ್ತದೆ. ಸೀಟು ಖಾಲಿ ಇದ್ದರೂ ಅವರು ನಿಂತೇ ಪ್ರಯಾಣಿಸತಕ್ಕದ್ದು.

೪. ಬದನೆಕಾಯಿ ಎಣ್ಣೆಗಾಯಿ ತರುವ ಗುರುಲಿಂಗವ್ವ ಅವರು, ಪದ ಹೇಳಲು ಸೂಚಿಸಿದಾಗ, "ಪದಾ ನೀವ ತಿನ್ರಿ ಸಾಹೇಬ್ರ, ಎಣ್ಣಿಗಾಯಿ ನಾ ತಿಂತೇನಿ" ಎಂದು ಡಬ್ಬಿ ಎತ್ತಿಕೊಂಡು ಕಿಟಕಿ ಬಳಿ ಕುಳಿತಿರುತ್ತಾರೆ. ಕೆಳಗೆ ಸಹಿ ಮಾಡಿದವರ ಪತ್ನಿ ಬಾಣಂತನಕ್ಕೆ ಬಾದಾಮಿಯ ತವರಿಗೆ ಹೋಗಿದ್ದು, ಸದರಿಯವರು ಆ ಎಣ್ಣೆಗಾಯಿಯನ್ನೇ ನಂಬಿಕೊಂಡಿದ್ದರು. ವಾರವಿಡೀ ಒಣ ರೊಟ್ಟಿಯನ್ನು ಅರ್ಥಸಹಿತ ಅಗಿದಿದ್ದಾರೆ. ಹೊಟ್ಟೆ ಉರಿದಿದೆ.

೫. ರಾಜಿಗಾಗಿ ಸದರಿ ಸಹಾಯಕಿಗೆ 'ಮ್ಯಾಗ್ನಾನಿಮಸ್' ಎಂಬ ಪದವನ್ನು ಉಚಿತವಾಗಿ ಮಂಜೂರು ಮಾಡಲಾಯಿತು. "ಅಂದ್ರ ಏನ್ರಿ?" ಎಂದು ವಿಚಾರಿಸಿದರು. ದೊಡ್ಡ ಮನಸ್ಸಿನವರು ಎಂದು ತಿಳಿಸಲಾಗಿ, "ಹೌದಾ? ನಾ ಹಂಗಿಲ್ಲ ಬಿಡ್ರಿ" ಎಂದು ಕೊನೆಯ ಬದನೆಕಾಯಿಯನ್ನೂ ಮುಗಿಸಿದರು.

೬. ಆದುದರಿಂದ ಅವರ ಪಾಲಿನ ಪದಗಳನ್ನು ಕೆಳಗೆ ಸಹಿ ಮಾಡಿದವರೇ ಕಲಿತು, ಅವರ ಪರವಾಗಿ ಹೇಳಿ, ಅವರ ಡಬ್ಬಿಯ ಪಕ್ಕ ಕೂರಲು ಆದೇಶಿಸಲಾಗಿದೆ.

ಸಹಿ/-
ವಿಜಯಮಹಾಂತೇಶ
ವ್ಯವಸ್ಥಾಪಕರು

ಪ್ರತಿಗಳು:
೧. ಗುರುಲಿಂಗವ್ವ, ಕಿಟಕಿ ಬಳಿ: ದಯಾಪರ ಪರಿಶೀಲನೆಗಾಗಿ.
೨. ನಯೀಮ, ಬಸ್ಸಿನಲ್ಲಿ ನಿಂತಿರುವಲ್ಲಿಗೆ.
೩. ಮನೆಯವರು, ಬಾದಾಮಿ: ಬೇಗ ಬರುವಂತೆ ವಿನಂತಿಯೊಂದಿಗೆ.

ಷರಾ: ಮೊದಲನೇ ಪ್ರತಿ ಎಣ್ಣೆ ಕಲೆಯೊಂದಿಗೆ ವಾಪಸಾಗಿದ್ದು, ಅಂಚಿನಲ್ಲಿ "ಅಮೀಲಿಯೊರೇಟ್ ಮಾಡಿ ತರ್ರಿ" ಎಂದು ಬರೆದಿದೆ. ಈ ಸಲ ಅರ್ಥ ಎಲ್ಲರಿಗೂ ಗೊತ್ತಿದ್ದುದರಿಂದ ಪ್ರತಿಯನ್ನು ಕಪಾಟಿಗೆ ಸೇರಿಸಿರುವುದಿಲ್ಲ.